ಸಂಸಾರದ ಸಿಕ್ಕು ಬಿಡಿಸುವ ವಿದ್ಯೆ

ಗಂಡಹೆಂಡಿರ ಜಗಳವನ್ನು ತೀರಿಸುವುದಕ್ಕೆ ಒಂದು ವಿಶ್ವವಿದ್ಯಾನಿಲಯದ ಪದವಿ ಬೇಕೆ ಎಂದು ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ನಗುವರು. ಆ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ನಮಗೆಲ್ಲರಿಗೂ ಬಾಯಿಪಾಠವಾಗಿದೆ. ಉಂಡು ಮಲಗಿದ ಮೇಲೆಯೂ ತೀರದಿದ್ದರೆ ಹೆಣ್ಣಿನ ಕಡೆಯ ಸೋದರಮಾವನೋ, ಗಂಡಿನ ಕಡೆಯ ದೊಡ್ಡಪ್ಪನೋ, ಇಬ್ಬರಿಗೂ ಬೇಕಾದ ಪುರೋಹಿತರೋ ಜಗಲಿಯ ಮೇಲೆ ಕುಳಿತು ನಾಲ್ಕು ಮಾತು ಹೇಳುವುದು, ಒಳಗಿನಿಂದ ಕಾಫಿ ಬರುವುದು, ಹುಡುಗಿಯು ಸೆರಗಿನಿಂದ ಕಣ್ಣೊರಸಿಕೊಂಡು ಗಂಡನ ಹಿಂದೆ ಹೊರಡುವುದು, ಇದು ನಾವು ಕಂಡ ಪದ್ಧತಿ. ಅದರಲ್ಲಿ ಒಳ್ಳೆಯದಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಹೊರಟುಹೋದ ಆ ಹುಡುಗಿಯ ಮುಂದಿನ ಕಥೆಯೇನಾಯಿತೆಂದು ಜಗಲಿಯ ಮೇಲೆ ಕುಳಿತವರಲ್ಲಿ ವಿಚಾರಿಸಿದವರು ಬಹಳ ಮಂದಿಯಿಲ್ಲ.

ಮಲೆನಾಡಿನ ಕಡೆಯ ವಾಚಕರೊಬ್ಬರು ಈ ಅಂಕಣಕ್ಕೆ ಒಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರ ಮಗಳು ಮನಶ್ಶಾಸ್ತ್ರವನ್ನು ಓದಿ ಬಿ.ಎ. ತೇರ್ಗಡೆಯಾಗಿದ್ದಾಳೆ. ಈಗ ಅಮೆರಿಕಾದ ಕ್ಯಾಲಿಫೋರ್ನಿಯಾ ಸಂಸ್ಥಾನಕ್ಕೆ ಹೋಗಿ ದಾಂಪತ್ಯ ಹಾಗೂ ಕುಟುಂಬ ಸಮಾಲೋಚನೆಯೆಂಬ ವಿಷಯದಲ್ಲಿ ಉಚ್ಚ ಪದವಿಯನ್ನು ಪಡೆಯಬೇಕೆಂದು ಆಕೆಯ ಹಟ. ತಂದೆಯವರು ಅಡಕೆಯ ತೋಟದ ಒಂದು ಭಾಗವನ್ನು ಒತ್ತೆಯಿಡಬೇಕಾಗಿದೆ. ಮನೆಯ ಹಿರಿಯರೆಲ್ಲ, "ನಮ್ಮ ಮನೆಯಲ್ಲಿ ಅಜ್ಜಿ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ತೋಟ ಅಡವಿಡುವುದೆ?" ಎಂದು ಹಾಸ್ಯ ಮಾಡುತ್ತಿದ್ದಾರಂತೆ. ಆ ವಿದ್ಯೆಯಲ್ಲಿ ಕಲಿಸುವುದಾದರೂ ಏನು, ಅದು ಅನ್ನ ಕೊಡುವುದೆ, ಮದುವೆಯಾಗದ ಹೆಣ್ಣುಮಗಳು ಪರರ ಶಯನಗೃಹದ ಮಾತುಗಳನ್ನು ಕೇಳುವುದು ಉಚಿತವೆ ಎಂದು ಅವರು ಕೇಳಿದ್ದಾರೆ. ಇಂತಹ ಪ್ರಶ್ನೆ ಇನ್ನು ಹಲವು ಮನೆಗಳಲ್ಲಿಯೂ ಏಳುವುದೆಂದು ತೋರುವುದರಿಂದ ಇಲ್ಲಿಯೇ ಉತ್ತರ ಬರೆಯುತ್ತೇನೆ.

ಸಂಸ್ಕೃತದಲ್ಲಿ ಏಕವಚನ ಬಹುವಚನಗಳ ನಡುವೆ ದ್ವಿವಚನವೆಂಬುದೊಂದು ಉಂಟು. ಶಾಲೆಯ ಹುಡುಗರಿಗೆ ಅದೊಂದು ತಲೆನೋವು. ಅಮರಸಿಂಹನು ಗಂಡಹೆಂಡಿರ ಜೋಡಿಗೆ ದಂಪತೀ, ಜಂಪತೀ, ಜಾಯಾಪತೀ, ಭಾರ್ಯಾಪತೀ ಎಂದು ನಾಲ್ಕು ಹೆಸರುಗಳನ್ನು ಹೇಳುತ್ತಾನೆ, ನಾಲ್ಕೂ ದ್ವಿವಚನದಲ್ಲಿವೆ. ವೇದದಲ್ಲಿ ಅದೇ ದಂಪತಿ ಶಬ್ದವು ಏಕವಚನದಲ್ಲಿ ಬಂದರೆ ಮನೆಯ ಯಜಮಾನನೆಂದೂ, ದ್ವಿವಚನದಲ್ಲಿ ಬಂದರೆ ಗಂಡಹೆಂಡಿರಿಬ್ಬರೂ ಮನೆಯ ಒಡೆಯರೆಂದೂ ಅರ್ಥ. ಕನ್ನಡದಲ್ಲಿ ದ್ವಿವಚನವಿಲ್ಲ, ಆದುದರಿಂದಲೋ ಏನೋ, ನಾವು ಜಗಳವನ್ನು ಕಂಡೊಡನೆ "ತಪ್ಪು ಅವನದೋ ಅವಳದೋ?" ಎಂದು ಏಕವಚನದಲ್ಲಿಯೇ ಕೇಳುತ್ತೇವೆ. ಈ ಹೊಸ ವಿದ್ಯೆಯ ಮೊದಲನೆಯ ಪಾಠವೆಂದರೆ ದ್ವಿವಚನದಲ್ಲಿ ನೋಡುವುದು. ಇವಳು ಗದರುವುದರಿಂದ ಅವನು ಮನೆಗೆ ತಡವಾಗಿ ಬರುತ್ತಾನೆ, ಅವನು ತಡವಾಗಿ ಬರುವುದರಿಂದ ಇವಳು ಗದರುತ್ತಾಳೆ. ಬೀಜವು ಮೊದಲೋ ವೃಕ್ಷವು ಮೊದಲೋ ಎಂದು ತೀರ್ಪು ಹೇಳಹೊರಡದೆ, ಚಕ್ರವನ್ನು ಚಕ್ರವಾಗಿಯೇ ಕಂಡು ಅದು ಎಲ್ಲಿ ನಿಂತೀತೆಂದು ಹುಡುಕುವುದು. ಜಗಲಿಯ ಹಿರಿಯನು ನ್ಯಾಯಾಧೀಶ, ಸಮಾಲೋಚಕನು ನ್ಯಾಯಾಧೀಶನಲ್ಲ. ಅಜ್ಜಿಗೂ ಇವರಿಗೂ ಇರುವ ಮುಖ್ಯವಾದ ಭೇದ ಇದೇ.

ಈ ವಿದ್ಯೆಗೆ ಆಗಿರುವ ವಯಸ್ಸು ಬಹಳವೇನೂ ಅಲ್ಲ. ೧೯೩೦ರಲ್ಲಿ ಪಾಲ್ ಪೋಪಿನೋ ಎಂಬಾತನು ಲಾಸ್ ಏಂಜಲೀಸ್ ನಗರದಲ್ಲಿ ಕುಟುಂಬ ಸಂಬಂಧಗಳ ಸಂಸ್ಥೆಯೊಂದನ್ನು ತೆರೆದನು. ಆತನು ಮನಶ್ಶಾಸ್ತ್ರಜ್ಞನಲ್ಲ, 'ಸತ್ಕುಲ'ದವರೇ ಹೆಚ್ಚಬೇಕು, ಉಳಿದವರ ಸಂತಾನವನ್ನು ತಡೆಯಬೇಕು ಎಂಬ ನಿರ್ದಯವಾದ ವಂಶಸುಧಾರಣಾ ವಾದವನ್ನು ಪ್ರಚಾರ ಮಾಡುತ್ತಿದ್ದವನು. ಮೂಲವು ಅಷ್ಟು ನಿರ್ಮಲವಾದುದಲ್ಲವೆಂದು ಹೇಳಲೇಬೇಕು. ೧೯೫೩ರಲ್ಲಿ ಅಲ್ಲಿಯ ಒಂದು ಪ್ರಸಿದ್ಧ ಗೃಹಿಣಿಯರ ಮಾಸಪತ್ರಿಕೆಯು "ಈ ಮದುವೆಯನ್ನು ಉಳಿಸಬಹುದೆ?" ಎಂಬ ಅಂಕಣವನ್ನು ಈತನ ಸಂಸ್ಥೆಯ ನೆರವಿನಿಂದ ಆರಂಭಿಸಿತು. ಮೊದಲು ಹೆಂಡತಿಯ ಮಾತು, ಆಮೇಲೆ ಗಂಡನ ಮಾತು, ಕಡೆಗೆ ಸಮಾಲೋಚಕರ ಮಾತು. ಲಕ್ಷಾಂತರ ಮಂದಿ ಅದನ್ನು ಓದಿದರು. ಆದರೆ ಆ ಕಾಲದ ಬುದ್ಧಿವಾದದ ಭಾರವು ಬಹುಮಟ್ಟಿಗೆ ಹೆಂಡತಿಯ ತಲೆಯ ಮೇಲೆಯೇ ಬೀಳುತ್ತಿದ್ದಿತು. ಸಮುದ್ರದಾಚೆಯವರೂ ಈ ವಿಷಯದಲ್ಲಿ ನಮ್ಮವರ ಸೋದರರೇ ಎಂದಾಯಿತು.

ತರುವಾಯ ವಿದ್ಯೆಗೆ ಕಟ್ಟುಪಾಡು ಬಂದಿತು. ದಾಂಪತ್ಯ ಸಮಾಲೋಚಕರ ಸಂಘವು ೧೯೪೨ರಲ್ಲಿಯೇ ಹುಟ್ಟಿದ್ದಿತು. ೧೯೬೩ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು, ಲೈಸೆನ್ಸು ಇಲ್ಲದವರು ಈ ಹೆಸರಿಟ್ಟುಕೊಂಡು ವೃತ್ತಿ ಮಾಡಕೂಡದೆಂದು ಮೊಟ್ಟಮೊದಲು ಕಾನೂನು ಮಾಡಿತು. ೨೦೦೯ರ ವೇಳೆಗೆ ಅಲ್ಲಿಯ ೫೦ ಸಂಸ್ಥಾನಗಳಲ್ಲಿಯೂ ಇಂತಹ ಕಾನೂನು ಆಗಿದ್ದಿತು.

ಇನ್ನು ಪಾಠಕ್ರಮದ ಮಾತು. ಕ್ಯಾಲಿಫೋರ್ನಿಯಾದಲ್ಲಿ ಬಿ.ಎ. ಆದ ಮೇಲೆ ೬೦ ಸೆಮಿಸ್ಟರ್ ಘಟಕಗಳ ಅಧ್ಯಯನ ಮಾಡಬೇಕು. ಎರಡು ವರ್ಷಕ್ಕೆ ಕಡಿಮೆಯಿಲ್ಲ, ಮೂರು ವರ್ಷವೂ ಆಗುವುದುಂಟು. (ನಮ್ಮ ಮೂರು ವರ್ಷದ ಬಿ.ಎ.ಯನ್ನು ಅಲ್ಲಿಯ ಕೆಲವು ವಿದ್ಯಾಪೀಠಗಳು ಅವರ ನಾಲ್ಕು ವರ್ಷದ ಪದವಿಗೆ ಸಮವೆಂದು ಒಪ್ಪುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.) ಮನೋರೋಗಗಳ ಲಕ್ಷಣ, ಮಕ್ಕಳ ಬೆಳವಣಿಗೆ, ಮದ್ಯಪಾನಾದಿ ವ್ಯಸನಗಳು, ವೃದ್ಧಾಪ್ಯ, ಕಾನೂನು, ವೃತ್ತಿಧರ್ಮ, ಸಂಶೋಧನೆಯ ರೀತಿ, ಇವೆಲ್ಲವೂ ಪಠ್ಯದಲ್ಲಿ ಸೇರಿವೆ. ಇವುಗಳನ್ನು ಪುಸ್ತಕದಿಂದಲೇ ಕಲಿಯಬಹುದು. ಪುಸ್ತಕದಿಂದ ಕಲಿಯಲಾಗದ ಎರಡು ಸಂಗತಿಗಳನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುವೆನು.

ಮೊದಲನೆಯದು ವಂಶದ ನಕ್ಷೆ. ಮರ್ರೇ ಬೋವೆನ್ ಎಂಬ ವೈದ್ಯನ ಬೋಧನೆಯಿಂದ ಬೆಳೆದ ಪದ್ಧತಿಯಿದು. ಒಂದು ದೊಡ್ಡ ಕಾಗದದ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಮದುವೆಗೆ ಒಂದು ಗೆರೆ, ಸತ್ತವರಿಗೆ ಅಡ್ಡಗೀಟು, ಹೀಗೆ ಮೂರು ತಲೆಮಾರನ್ನು ಬರೆಯುತ್ತಾರೆ. ಕನ್ಯಾದಾನದ ಸಮಯದಲ್ಲಿ ನಮ್ಮ ಪುರೋಹಿತರು ಎರಡು ಕಡೆಯ ಗೋತ್ರ ಪ್ರವರಗಳನ್ನು ಹೇಳಿ ಮುತ್ತಾತ, ತಾತ, ತಂದೆ ಎಂದು ಮೂರು ತಲೆಮಾರಿನ ಹೆಸರುಗಳನ್ನು ಉಚ್ಚರಿಸುವುದನ್ನು ವಾಚಕರೆಲ್ಲರೂ ಕೇಳಿದ್ದೀರಿ. ಲೆಕ್ಕ ಒಂದೇ. ಆದರೆ ಪುರೋಹಿತರು ಕೇಳದ ಸಂಗತಿಗಳನ್ನು ಈ ನಕ್ಷೆಯು ಕೇಳುತ್ತದೆ: ಮುತ್ತಜ್ಜಿಯ ಹೆಸರೇನು? ಅಣ್ಣತಮ್ಮಂದಿರು ಪಾಲಾದ ಮೇಲೆ ಯಾರು ಯಾರೊಡನೆ ಮಾತು ಬಿಟ್ಟರು? ಯಾರು ಕುಡಿಯುತ್ತಿದ್ದರು? ಮನೆ ಬಿಟ್ಟು ಹೋದ ಚಿಕ್ಕಪ್ಪನ ವಿಷಯವನ್ನು ಯಾರೂ ಎತ್ತುವುದಿಲ್ಲವೇಕೆ? ವೈಮನಸ್ಯವಿದ್ದ ಕಡೆ ಅಂಕುಡೊಂಕಾದ ಗೆರೆಯನ್ನೂ, ಅತಿಯಾದ ಅಂಟು ಇದ್ದ ಕಡೆ ಒತ್ತಾದ ಗೆರೆಗಳನ್ನೂ ಹಾಕುತ್ತಾರೆ. ಬರೆದು ಮುಗಿದ ಮೇಲೆ ನೋಡಿದರೆ, ತಾತನಿಗೂ ಆತನ ಹಿರಿಯ ಮಗನಿಗೂ ಇದ್ದ ಡೊಂಕುಗೆರೆಯೇ ಮುಂದಿನ ತಲೆಮಾರಿನಲ್ಲಿ ಮತ್ತೊಬ್ಬ ತಂದೆಗೂ ಹಿರಿಯ ಮಗನಿಗೂ ಬಂದಿರುವುದು ಎಷ್ಟೋ ಮನೆಗಳಲ್ಲಿ ಕಾಣುವುದು. ಕೊಪ್ಪರಿಗೆ, ಬೆಳ್ಳಿಯ ತಟ್ಟೆಗಳೊಡನೆ ಜಗಳವೂ ಪಿತ್ರಾರ್ಜಿತವಾಗಿ ಇಳಿಯುತ್ತದೆ.

ಈ ನಕ್ಷೆಯನ್ನು ವಿದ್ಯಾರ್ಥಿಯು ಮೊದಲು ಬರೆಯಬೇಕಾದುದು ಬೇರೊಬ್ಬರದನ್ನಲ್ಲ, ತನ್ನ ಮನೆಯದನ್ನೇ. ಬೋವೆನ್ ತಾನೇ ೧೯೬೭ರಲ್ಲಿ ಪಂಡಿತರ ಸಭೆಯೊಂದರಲ್ಲಿ ತನ್ನ ತಾಯಿತಂದೆ, ಸಹೋದರರ ನಡುವಣ ಸಂಗತಿಗಳನ್ನು ಮುಂದಿಟ್ಟು ಮಾತನಾಡಿ ಎಲ್ಲರನ್ನೂ ಬೆರಗುಗೊಳಿಸಿದನು. ತನ್ನ ಮನೆಯ ಗಾಯ ಎಲ್ಲಿದೆಯೆಂದು ತಿಳಿಯದವನು ಪರರ ಮನೆಯ ಜಗಳದಲ್ಲಿ ತನಗರಿಯದಂತೆ ಪಕ್ಷ ವಹಿಸುವನು. ಕುಡುಕ ತಂದೆಯ ಮಗಳು, ಎದುರು ಕುಳಿತ ಗಂಡನು ಬಾಯಿ ತೆರೆಯುವ ಮೊದಲೇ ಆತನ ಮೇಲೆ ಸಿಟ್ಟಾಗಿರುವಳು. ಪತ್ರ ಬರೆದ ಗೃಹಸ್ಥರು ಇದನ್ನು ಗಮನಿಸಬೇಕು. ಮಗಳು ಒಂದು ರಾತ್ರಿ ದೂರವಾಣಿಯಲ್ಲಿ ಕರೆದು, "ಅಪ್ಪಾ, ನೀವೂ ದೊಡ್ಡಪ್ಪನೂ ಮಾತು ಬಿಟ್ಟಿದ್ದು ಯಾವ ವರ್ಷ? ಏತಕ್ಕೆ?" ಎಂದು ಕೇಳಿಯಾಳು. ತೋಟವನ್ನು ಒತ್ತೆಯಿಡುವುದಕ್ಕಿಂತ ಆ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಾದರೂ ಆದೀತು.

ಎರಡನೆಯದು ಕನ್ನಡಿ. ವಿದ್ಯಾರ್ಥಿಯು ಕುಟುಂಬದವರೊಡನೆ ಮಾತನಾಡುವ ಕೊಠಡಿಯ ಒಂದು ಗೋಡೆಯಲ್ಲಿ ಒಂದು ಕಡೆಯಿಂದ ಮಾತ್ರ ಕಾಣುವ ಗಾಜನ್ನು ಅಳವಡಿಸಿರುವರು. ಆಚೆಯ ಕೊಠಡಿಯಲ್ಲಿ ಗುರುವೂ ಸಹಪಾಠಿಗಳೂ ಕುಳಿತು ಎಲ್ಲವನ್ನೂ ನೋಡುವರು, ಕೇಳುವರು. ಕುಟುಂಬದವರ ಒಪ್ಪಿಗೆ ಪಡೆದೇ ಇದು ನಡೆಯತಕ್ಕದ್ದು. ಅರ್ಜೆಂಟೈನಾದಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಖ್ಯಾತನಾದ ಸಾಲ್ವಡಾರ್ ಮಿನೂಚಿನ್ ಮೊದಲಾದವರು ಈ ಕ್ರಮವನ್ನು ಬಹಳ ಬಳಸಿದರು. ನಡುವೆ ಟೆಲಿಫೋನು ಮಾಡಿ, "ತಾಯಿಯೇ ಮಗುವಿನ ಪರವಾಗಿ ಉತ್ತರ ಕೊಡುತ್ತಿದ್ದಾಳೆ, ತಂದೆಯನ್ನು ಮಾತನಾಡಿಸು" ಎಂಬಂತಹ ಸೂಚನೆ ಕೊಡುವುದೂ ಉಂಟು. ಈಗ ಚಿತ್ರಮುದ್ರಣವನ್ನು ಆಮೇಲೆ ನೋಡಿ ಚರ್ಚಿಸುವುದು ಹೆಚ್ಚು. ಶಿಕ್ಷಕ ತರಬೇತಿಯಲ್ಲಿ ನಮಗೆ ವಿಮರ್ಶೆಯ ಪಾಠವೆಂದು ಒಂದಿರುತ್ತಿದ್ದಿತು. ಹಿಂದಿನ ಬೆಂಚಿನಲ್ಲಿ ಉಪಾಧ್ಯಾಯರೂ ಜೊತೆಯವರೂ ಕುಳಿತು ನಮ್ಮ ತಪ್ಪುಗಳನ್ನು ಬರೆದುಕೊಳ್ಳುವರು. ಸೀಮೆಸುಣ್ಣವನ್ನು ಹಿಡಿದ ಕೈ ನಡುಗುತ್ತಿತ್ತು. ಆದರೆ ಪಾಠ ಹೇಳುವುದನ್ನು ನಾವು ಕಲಿತದ್ದು ಆ ಬೆಂಚಿನ ಎದುರಿಗೇ ಹೊರತು ಶಿಕ್ಷಣಶಾಸ್ತ್ರದ ಗ್ರಂಥಗಳಿಂದಲ್ಲ.

ಕನ್ನಡಿಯಾಚೆಯಿಂದ ಅವರು ಏನನ್ನು ನೋಡುತ್ತಾರೆ? ಹೀಗೆ ಭಾವಿಸೋಣ. ಎಂಟು ವರ್ಷದ ಹುಡುಗನಿಗೆ ಬೆಳಗಾದರೆ ಹೊಟ್ಟೆನೋವು, ಶಾಲೆಗೆ ಹೋಗನು, ವೈದ್ಯರು ಪರೀಕ್ಷಿಸಿ ದೋಷವಿಲ್ಲವೆಂದಿದ್ದಾರೆ. ಮನೆಯವರು ಅವನನ್ನು ರೋಗಿಯೆಂದು ಕರೆತರುವರು. ಎಲ್ಲರನ್ನೂ ಒಟ್ಟಿಗೆ ಕೂರಿಸಿದಾಗ, ತಂದೆತಾಯಿಗಳು ಮಾತಿಗೆ ಮಾತು ಬೆಳೆಸಿದೊಡನೆ ಹುಡುಗನು ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಇಬ್ಬರೂ ಜಗಳವನ್ನು ಬಿಟ್ಟು ಅವನ ಕಡೆ ಬಾಗುತ್ತಾರೆ. ಹುಡುಗನು ಸುಳ್ಳು ಹೇಳುತ್ತಿಲ್ಲ, ನೋವು ನಿಜವೇ. ಆದರೆ ಆ ಮನೆಯನ್ನು ಎತ್ತಿಹಿಡಿದಿರುವ ಕಂಬ ಆ ಹೊಟ್ಟೆನೋವು. ಇಬ್ಬರ ನಡುವಣ ಬೇಗೆ ತಡೆಯಲಾರದಾದಾಗ ಮೂರನೆಯವರನ್ನು ಎಳೆದುಕೊಳ್ಳುವುದಕ್ಕೆ ಈ ಶಾಸ್ತ್ರದಲ್ಲಿ ತ್ರಿಕೋಣವೆಂದು ಹೆಸರು. ನಮ್ಮ ಮನೆಗಳಲ್ಲಿ ಆ ಮೂರನೆಯ ಮೂಲೆಯಲ್ಲಿ ಅತ್ತೆಯವರು ಕುಳಿತಿರುವುದು ಹೆಚ್ಚು. ಅತ್ತೆ ಸೊಸೆಯರ ಕದನವೆಂದು ನಾವು ಕರೆಯುವುದರಲ್ಲಿ, ನಡುವೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತ ಮಗನ ಪಾಲೆಷ್ಟೆಂಬುದನ್ನು ಯಾರೂ ಎಣಿಸುವುದಿಲ್ಲ.

ಅಡ್ಡ ಹಿಡಿದ ಪತ್ರಿಕೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಜಾನ್ ಗಾಟ್‌ಮನ್ ಎಂಬ ಪ್ರೊಫೆಸರು ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಗಂಡಹೆಂಡಿರು ಮಾತನಾಡುವುದನ್ನು ಚಿತ್ರಿಸಿ, ನಾಡಿಯ ಬಡಿತವನ್ನೂ ಅಳೆದು, ವರ್ಷಗಳ ನಂತರ ಅವರ ಮದುವೆ ಏನಾಯಿತೆಂದು ವಿಚಾರಿಸಿದನು. ಸ್ವಭಾವವನ್ನೇ ಹಳಿಯುವುದು, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು, ಮೌನದ ಗೋಡೆ ಕಟ್ಟುವುದು, ಈ ನಾಲ್ಕು ಅನಿಷ್ಟದ ಚಿಹ್ನೆಗಳು. ಅವುಗಳಲ್ಲಿಯೂ ತಿರಸ್ಕಾರವು ಎಲ್ಲಕ್ಕಿಂತ ಕೆಟ್ಟದ್ದು ಎಂದು ಆತನ ಮತ. ಮೌನವನ್ನು ನಾವು ಸಂಯಮವೆಂದು ಹೊಗಳುತ್ತೇವೆ. ಎಲ್ಲ ಮೌನವೂ ಸಂಯಮವಲ್ಲ. ಹೆಂಡತಿಯು ಮಾತನಾಡುತ್ತಿರುವಾಗ ಎದ್ದುಹೋಗುವ ಗಂಡನ ಮೌನವು ಬೈಗುಳಕ್ಕಿಂತ ಹೆಚ್ಚು ಸುಡುವುದು.

ಪದವಿ ದೊರೆತ ಮಾತ್ರಕ್ಕೆ ಆಯಿತೆ? ಇಲ್ಲ. ಲೈಸೆನ್ಸಿಗೆ ೩,೦೦೦ ಗಂಟೆಗಳ ಅಭ್ಯಾಸ ಬೇಕು. ಅದನ್ನು ೧೦೪ ವಾರಗಳಿಗಿಂತ ಬೇಗ ಮುಗಿಸುವಂತಿಲ್ಲ. ಅದರಲ್ಲಿ ೧,೭೫೦ ಗಂಟೆಗಳಾದರೂ ಎದುರು ಕುಳಿತು ಸಮಾಲೋಚನೆ ಮಾಡಿದ್ದಾಗಿರಬೇಕು. ಅದರೊಳಗೆ ೫೦೦ ಗಂಟೆ ದಂಪತಿಗಳು, ಕುಟುಂಬಗಳು, ಮಕ್ಕಳೊಡನೆ. ಇಷ್ಟನ್ನೂ ಲೈಸೆನ್ಸು ಪಡೆದ ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಕಾನೂನು ಮತ್ತು ವೃತ್ತಿಧರ್ಮಗಳಲ್ಲೊಂದು, ಚಿಕಿತ್ಸಾಕ್ರಮದಲ್ಲೊಂದು, ಎರಡು ಪರೀಕ್ಷೆಗಳು. ಇಲ್ಲಿ ಪರದೇಶದ ವಿದ್ಯಾರ್ಥಿಗೆ ಒಂದು ಲೆಕ್ಕದ ಸಮಸ್ಯೆಯುಂಟು. ಪದವಿಗೆ ಮುಂಚೆ ಮಾಡಿದ ಅಭ್ಯಾಸದಲ್ಲಿ ೧,೩೦೦ ಗಂಟೆಗಳವರೆಗೆ ಮಾತ್ರ ಎಣಿಸುವರು. ಉಳಿದ ೧,೭೦೦ ಪದವಿಯ ತರುವಾಯವೇ ಆಗಬೇಕು. ವಾರಕ್ಕೆ ೪೦ ಗಂಟೆಗಿಂತ ಹೆಚ್ಚನ್ನು ಎಣಿಸುವುದಿಲ್ಲ. ವಿದ್ಯಾರ್ಥಿಯಾಗಿ ಹೋದವರಿಗೆ ಓದು ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಅನುಮತಿಯು ಸಾಮಾನ್ಯವಾಗಿ ೧೨ ತಿಂಗಳು; ಅದಕ್ಕಿಂತ ಹೆಚ್ಚಿನ ಕಾಲವು ವಿಜ್ಞಾನ, ಯಂತ್ರಶಿಲ್ಪ, ಗಣಿತಗಳಂತಹ ವಿಷಯಗಳನ್ನು ಓದಿದವರಿಗೆ. ೧,೭೦೦ನ್ನು ೪೦ರಿಂದ ಭಾಗಿಸಿದರೆ ೪೨ವರೆ ವಾರ. ಕಾಗದದ ಮೇಲೆ ಸರಿಹೋಯಿತು. ಆದರೆ ಪ್ರತಿಯೊಂದು ವಾರವೂ ೪೦ ಗಂಟೆ ತುಂಬುವಷ್ಟು ಜನರು ಹೊಸಬರ ಬಳಿಗೆ ಬರುವುದಿಲ್ಲ. ಹಬ್ಬ, ರಜ, ಜ್ವರ ಎಲ್ಲವೂ ಉಂಟು. ಓದುವಾಗ ೧,೩೦೦ ತುಂಬದಿದ್ದರೆ ಕೊರತೆಯೂ ಇದರ ಮೇಲೆ ಬೀಳುವುದು. ಕೆಲಸ ಹುಡುಕುವುದಕ್ಕೆ ಹಿಡಿಯುವ ಕಾಲವೂ ಅದರಲ್ಲಿಯೇ. ಅಭ್ಯಾಸಿಗಳಿಗೆ ಸಿಗುವ ಸಂಬಳವೂ ಅಲ್ಪ. ಲೈಸೆನ್ಸು ಪಡೆದೇ ಊರಿಗೆ ಬರುವೆನೆಂದು ಮಗಳು ಹೇಳಿದರೆ ಈ ಲೆಕ್ಕವನ್ನು ಆಕೆಯ ಕೈಯಿಂದಲೇ ಹಾಕಿಸಿರಿ. ಆ ಲೈಸೆನ್ಸು ಆ ಒಂದು ಸಂಸ್ಥಾನದ್ದೆಂಬುದನ್ನೂ ನೆನಪಿಡಬೇಕು.

ಗೌಪ್ಯದ ವಿಷಯವು ನಮ್ಮವರಿಗೆ ಹೊಸದು. ಜಗಲಿಯ ಪಂಚಾಯಿತಿಯ ಸುದ್ದಿಯು ಸಂಜೆಯೊಳಗಾಗಿ ನೀರಿನ ನಲ್ಲಿಯ ಬಳಿ ಸೇರಿರುತ್ತದೆ. ಸಮಾಲೋಚಕಿಯು ಕೇಳಿದ್ದನ್ನು ತನ್ನ ತಾಯಿಗೂ ಹೇಳುವಂತಿಲ್ಲ. ಹೆಂಡತಿಯು ಗುಟ್ಟಾಗಿ ಟೆಲಿಫೋನು ಮಾಡಿ "ಇದನ್ನು ಅವರಿಗೆ ಹೇಳಬೇಡಿ" ಎಂದರೆ ಏನು ಮಾಡಬೇಕು? ಆ ಗುಟ್ಟನ್ನು ಹೊತ್ತವಳು ತಾನೇ ತ್ರಿಕೋಣದ ಮೂರನೆಯ ಮೂಲೆಯಾಗುವಳು. ಆದುದರಿಂದ ಇಂತಹ ಗುಟ್ಟನ್ನು ಏನು ಮಾಡುವೆನೆಂಬುದನ್ನು ಮೊದಲ ದಿನವೇ ಇಬ್ಬರಿಗೂ ಬರೆದು ತಿಳಿಸಬೇಕೆಂದು ಕಲಿಸುತ್ತಾರೆ. ಗೌಪ್ಯಕ್ಕೆ ಮೇರೆಯೂ ಉಂಟು. ಕ್ಯಾಲಿಫೋರ್ನಿಯಾದ ಶ್ರೇಷ್ಠ ನ್ಯಾಯಾಲಯವು ೧೯೭೬ರಲ್ಲಿ ಟರಾಸಾಫ್ ಮೊಕದ್ದಮೆಯಲ್ಲಿ, ಬಂದವನಿಂದ ಮತ್ತೊಬ್ಬರ ಪ್ರಾಣಕ್ಕೆ ಅಪಾಯವಿದ್ದರೆ ಆ ಮತ್ತೊಬ್ಬರನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಕರ್ತವ್ಯವೆಂದು ತೀರ್ಮಾನಿಸಿತು. ಕೊಲೆಯಾದ ಹುಡುಗಿಗೆ ಯಾರೂ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ. ನಮ್ಮಲ್ಲಿಯೂ ೨೦೧೨ರ ಪೋಕ್ಸೋ ಕಾಯಿದೆಯಂತೆ ಮಕ್ಕಳ ಮೇಲಣ ಲೈಂಗಿಕ ಅಪರಾಧವು ತಿಳಿದುಬಂದರೆ ಅದನ್ನು ಪೋಲೀಸರಿಗೆ ತಿಳಿಸದೆ ಮುಚ್ಚಿಡುವುದು ಯಾರಿಗೂ ಸಲ್ಲದು.

ಜಗಲಿಯ ನ್ಯಾಯಕ್ಕೂ ಈ ವಿದ್ಯೆಗೂ ಇರುವ ಅಂತರವು ಪ್ರಾಣಕ್ಕೆ ಬರುವುದು ಹೊಡೆತದ ವಿಷಯದಲ್ಲಿ. "ಹೊಂದಿಕೊಂಡು ಹೋಗಮ್ಮ" ಎಂಬ ಮಾತನ್ನು ನಮ್ಮ ಹಿರಿಯರು ಸದುದ್ದೇಶದಿಂದಲೇ ಹೇಳಿದರು. ಆದರೆ ರಾತ್ರಿ ಹೊಡೆತ ತಿಂದವಳು, ಹೊಡೆದವನ ಪಕ್ಕದಲ್ಲಿ ಕುಳಿತು, ಎಲ್ಲರೆದುರಿಗೆ ನಿಜ ಹೇಳುವಳೆ? ಹೇಳಿದರೆ ಮನೆಗೆ ಹೋದ ಮೇಲೆ ಏನಾಗುವುದು? ಆದುದರಿಂದ ಇಬ್ಬರನ್ನೂ ಒಮ್ಮೆ ಪ್ರತ್ಯೇಕವಾಗಿ ಕಾಣಬೇಕು, ಭಯದ ಕುರುಹು ಕಂಡರೆ ಜೋಡಿಯಾಗಿ ಕೂರಿಸುವುದನ್ನು ನಿಲ್ಲಿಸಿ ಮೊದಲು ಆಕೆಯ ರಕ್ಷಣೆಯನ್ನು ನೋಡಬೇಕು ಎಂದು ವಿದ್ಯಾರ್ಥಿಗೆ ಬೋಧಿಸುತ್ತಾರೆ. ಇಲ್ಲಿ ದ್ವಿವಚನವು ಸಲ್ಲದು. ಹೊಡೆತದ ಹೊಣೆ ಏಕವಚನವೇ. ನಮ್ಮ ದೇಶದ ಕಾನೂನೂ ಹಾಗೆಯೇ ಹೇಳುತ್ತದೆ. ಕೌಟುಂಬಿಕ ದೌರ್ಜನ್ಯದ ೨೦೦೫ರ ಕಾಯಿದೆಗೆ ಸೇರಿದ ೨೦೦೬ರ ನಿಯಮಗಳಲ್ಲಿ, ಸಮಾಲೋಚನೆಯ ವೇಳೆ ಎದುರಾಳಿಯು ದೌರ್ಜನ್ಯಕ್ಕೆ ಸಮರ್ಥನೆ ಹೇಳುವಂತಿಲ್ಲವೆಂದೂ, ಅದನ್ನು ಆರಂಭಕ್ಕೆ ಮುಂಚೆಯೇ ಅವನಿಗೆ ತಿಳಿಸಬೇಕೆಂದೂ ವಿಧಿಸಿದೆ. "ಅವಳು ಎದುರು ಮಾತನಾಡಿದ್ದಕ್ಕೆ ಕೈಯೆತ್ತಿದೆ" ಎಂಬ ವಾಕ್ಯಕ್ಕೆ ಅಲ್ಲಿ ಎಡೆಯಿಲ್ಲ. ಈ ನಿಯಮವನ್ನು ಊರೂರಿನ ಜಗಲಿಗಳಲ್ಲಿ ಬರೆದು ಅಂಟಿಸಿದರೆ ಒಳ್ಳೆಯದಿತ್ತು.

ಮದುವೆಯಾಗದವಳು ಇದನ್ನೆಲ್ಲ ಕೇಳಬಹುದೆ ಎಂಬ ಪ್ರಶ್ನೆಗೆ ಬಹಳ ಮಾತು ಬೇಕಿಲ್ಲ. ಮದುವೆಯಾಗದ ಲೇಡಿ ಡಾಕ್ಟರು ಹೆರಿಗೆ ಮಾಡಿಸುವಾಗ ನಾವು ಯಾರೂ ಆಕ್ಷೇಪಿಸುವುದಿಲ್ಲ. ಸ್ವಂತ ದಾಂಪತ್ಯದ ಅನುಭವವುಳ್ಳವರು "ನಾನಾದರೆ ಹೀಗೆ ಮಾಡಿದೆ" ಎಂದು ತಮ್ಮ ಅಳತೆಯ ಅಂಗಿಯನ್ನೇ ಎಲ್ಲರಿಗೂ ತೊಡಿಸಹೋಗುವರು. ಆ ತೊಂದರೆಯಾದರೂ ಈಕೆಗೆ ಇಲ್ಲ.

ಅಮೆರಿಕಾದಲ್ಲಿಯೇ ಈ ಹುಡುಗಿಯಂಥವರಿಗೆ ಕೆಲಸವಿದೆಯೆಂಬುದೂ ನಿಜ. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಕನ್ನಡಿಗರು ದಟ್ಟವಾಗಿ ನೆಲೆಸಿದ್ದಾರೆ. ಸಂಜೆ ಕೆಲಸದಿಂದ ಬಂದು ಒಬ್ಬರಿಗೊಬ್ಬರು ಮುಖ ತಿರುಗಿಸಿ ಕುಳಿತ ಇಬ್ಬರು ಕನ್ನಡಿಗರು ಪರಕೀಯ ಸಮಾಲೋಚಕರಿಗೆ ತಮ್ಮ ಮುನಿಸನ್ನು ಹೇಗೆ ತಾನೆ ತಿಳಿಸಿಯಾರು? ಕೋಪ ಬೇರೆ, ಮುನಿಸು ಬೇರೆ, ಸೆಡವು ಬೇರೆ. ಊರಿನಿಂದ ಆರು ತಿಂಗಳಿಗೆಂದು ಬಂದ ಅತ್ತೆಯವರು ಅಡಿಗೆಮನೆಯ ಡಬ್ಬಿಗಳ ಸ್ಥಾನವನ್ನು ಬದಲಿಸಿದ್ದು ಎಂತಹ ರಾಜ್ಯಕ್ರಾಂತಿಯೆಂಬುದು ಅಲ್ಲಿಯವರಿಗೆ ಅರ್ಥವಾಗದು.

ಊರಿನಲ್ಲಿಯೇ ಕಲಿಯುವ ದಾರಿ ಇದೆಯೆ? ಇದೆ, ಆದರೆ ಅಷ್ಟು ನೇರವಾದುದಲ್ಲ. ಮನೆಯವರನ್ನು ಬಿಟ್ಟು ರೋಗಿಯನ್ನು ಮಾತ್ರ ನೋಡಬಾರದೆಂಬ ತಿಳಿವಳಿಕೆ ನಮ್ಮಲ್ಲಿ ಹಳೆಯದೇ. ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳಿಗೆ ಆಸ್ಪತ್ರೆಯ ಆವರಣದಲ್ಲಿಯೇ ಡೇರೆಗಳಲ್ಲಿ ವಾಸ ಕಲ್ಪಿಸಿ ಅವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು, ನ್ಯಾಯಾಲಯವು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದೂ, ಅದಕ್ಕಾಗಿ ಸಮಾಲೋಚಕರು ಇರತಕ್ಕದ್ದೆಂದೂ ಹೇಳಿರುವುದರಿಂದ ಕೆಲಸದ ಕ್ಷೇತ್ರವೂ ಇದೆ. ಇಲ್ಲದಿರುವುದು ಕ್ಯಾಲಿಫೋರ್ನಿಯಾದಂತೆ ಈ ಹೆಸರಿನ ಪ್ರತ್ಯೇಕ ಲೈಸೆನ್ಸು. ಆದುದರಿಂದ ಸಮಾಲೋಚಕರ ಬಳಿಗೆ ಹೋಗುವ ಗೃಹಸ್ಥರು ನಾಮಫಲಕವನ್ನು ಮಾತ್ರ ನೋಡದೆ, ಎಲ್ಲಿ ಓದಿದಿರಿ, ಯಾರ ಕೈಕೆಳಗೆ ಎಷ್ಟು ಕಾಲ ಅಭ್ಯಾಸ ಮಾಡಿದಿರಿ ಎಂದು ಸಂಕೋಚವಿಲ್ಲದೆ ಕೇಳಬೇಕು.

ಮನೆಯಲ್ಲಿಯೇ ಕುಳಿತು ಅಂಚೆಯ ಮೂಲಕ ಕಲಿಯಬಹುದೆ ಎಂದು ಕೆಲವು ಗೃಹಿಣಿಯರು ಕೇಳಿಯಾರು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಸಮಾಲೋಚನೆ ಮತ್ತು ಕುಟುಂಬ ಚಿಕಿತ್ಸೆಯೆಂಬ ಹೆಸರಿನ ಎಂ.ಎಸ್‌ಸಿ. ಪಾಠಕ್ರಮವನ್ನು ಹಲವು ವರ್ಷ ನಡೆಸಿತು. ೨೦೨೫ರಲ್ಲಿ ಯು.ಜಿ.ಸಿ.ಯವರು ಮನಶ್ಶಾಸ್ತ್ರವನ್ನೂ, ಆರೋಗ್ಯವೃತ್ತಿಗಳ ೨೦೨೧ರ ಕಾಯಿದೆಗೆ ಒಳಪಟ್ಟ ವಿಷಯಗಳನ್ನೂ ದೂರಶಿಕ್ಷಣದಲ್ಲಿ ಕಲಿಸಕೂಡದೆಂದು ನಿರ್ಬಂಧಿಸಿದರು. ಹಳ್ಳಿಗಳಲ್ಲಿರುವ ಹೆಂಗಸರಿಗೆ ಇದರಿಂದ ನಷ್ಟವಾಯಿತೆಂಬುದು ದಿಟ. ಆದರೂ ಆ ನಿರ್ಬಂಧವು ಅಕಾರಣವಾದುದೆಂದು ನನಗೆ ತೋರುವುದಿಲ್ಲ. ಕನ್ನಡಿಯ ಆಚೆ ಕುಳಿತು ನೋಡುವ ಗುರುವನ್ನು ಅಂಚೆಯಲ್ಲಿ ಕಳುಹಿಸಲು ಬರುವುದಿಲ್ಲ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಸಮಾಲೋಚನ ಮನಶ್ಶಾಸ್ತ್ರದ ಎಂ.ಎಸ್‌ಸಿ. ಉಂಟು. ಮೊದಲು ಅದನ್ನು ಮುಗಿಸಿ, ಎರಡು ವರ್ಷ ಇಲ್ಲಿಯ ಸಂಸಾರಗಳನ್ನು ಕಂಡು, ಆಮೇಲೆ ಕ್ಯಾಲಿಫೋರ್ನಿಯಾದ ಯೋಚನೆ ಮಾಡಿದರೆ ತೋಟವೂ ಅಲ್ಲಿಯವರೆಗೆ ಒಂದೆರಡು ಫಸಲು ಕೊಟ್ಟಿರುವುದು.